ಹೊಟ್ಟೆ ಬಂದ ದರ್ಜಿ

ದರ್ಜಿಗೆ ಹೊಟ್ಟೆ ಬಂದಿತ್ತು. ಅದನ್ನು ಅವನು ಮುಚ್ಚಿಡಲಿಲ್ಲ. ಹೊಲಿಗೆ ಯಂತ್ರದ ಮುಂದೆ ಕುಳಿತು, ಹೋಗಿಬರುವವರಿಗೆಲ್ಲ ಕಾಣುವ ಹಾಗೆ ಅದರ ಮೇಲೆ ಕೈಯಾಡಿಸಿಕೊಳ್ಳುತ್ತಿದ್ದ.

ಎರಡು ತಿಂಗಳ ಹಿಂದೆ ನೋವಿನಿಂದ ಮಡಚಿಕೊಂಡು ಪಟ್ಟಣದ ಆಸ್ಪತ್ರೆ ಸೇರಿದ್ದವನು ಇವನೇ. ಪಿತ್ತಕೋಶದ ಕಲ್ಲೊಂದು ಜಾರಿ ದಾರಿಗೆ ಅಡ್ಡ ಬಿದ್ದು, ಜಠರದ ಹಿಂದಿರುವ ಮೇದೋಜೀರಕ ಗ್ರಂಥಿ ಊದಿಕೊಂಡಿತ್ತು. ಮೂರು ವಾರ ಸೂಜಿ, ನಳಿಕೆ, ಉಪವಾಸ. ಮನೆಗೆ ಬಂದಾಗ ಎಲುಬಿಗೆ ಅಂಗಿ ತೊಡಿಸಿದ ಹಾಗಿದ್ದ. ತಿಂಗಳು ಬಿಟ್ಟು ಬಂದು ತೋರಿಸಿ ಎಂದು ಬರೆದುಕೊಟ್ಟ ಚೀಟಿಯನ್ನು ಗುಂಡಿ ಡಬ್ಬಿಯೊಳಗೆ ಹಾಕಿ, "ಇನ್ನು ಆ ಕಡೆ ಕಾಲಿಡೋನಲ್ಲ" ಅಂದಿದ್ದ.

"ಏನ್ ಮಾಸ್ತರೇ, ಮೈಕೈ ತುಂಬ್ಕೊಂಡಿದೀರಿ!" ಅಂದ ಹಾಲಿನವನು.

"ಆಸ್ಪತ್ರೆ ತಿಂದಿದ್ದನ್ನ ಮನೆ ವಾಪಸ್ ಕೊಡ್ತಿದೆ ಕಣಪ್ಪ."

ಹಿಂದೆ ಕುಳಿತು ಅಂಗಿಯ ಗುಂಡಿತೂತುಗಳಿಗೆ ಕಾಜಾ ಹಾಕುತ್ತಿದ್ದ ಹೆಂಡತಿ, ಹಾಲಿನವನು ಹೋದ ಮೇಲೆ ಸೂಜಿ ನಿಲ್ಲಿಸಿ ಕೇಳಿದಳು.

"ನಾಲ್ಕು ತುತ್ತಿಗೇ ತಟ್ಟೆ ತಳ್ತೀರಿ. ಈ ಹೊಟ್ಟೆ ಎಲ್ಲಿಂದ ಬಂತು?"

"ಗಾಳಿ ಕುಡ್ದು. ನೀನು ಕಾಜಾ ಹಾಕು."

ದರ್ಜಿ ತನ್ನ ಅಳತೆಯನ್ನು ತಾನೇ ತೆಗೆದುಕೊಳ್ಳುವುದಿಲ್ಲ. ಬಗ್ಗಿದರೆ ಟೇಪು ಸುಳ್ಳು ಹೇಳುತ್ತದೆ. ಹಾಗಾಗಿ ಅವನು ಬರೀ ಅಂದಾಜಿನ ಮೇಲೆ ಪ್ಯಾಂಟಿನ ಹಿಂಬದಿಯ ಹೊಲಿಗೆಯನ್ನು ಎರಡು ಸಲ ಬಿಚ್ಚಿ ಅಗಲ ಮಾಡಿಕೊಂಡಿದ್ದ. ಆ ಮಧ್ಯಾಹ್ನ ಹೆಂಡತಿ ಟೇಪು ಕೈಗೆತ್ತಿಕೊಂಡಳು. "ಅಂಗಿ ಹೊಸದು ಹೊಲಿಯೋಣ. ನಿಂತ್ಕೊಳ್ಳಿ. ನೀವು ಬರ್ಕೊಳ್ಳಿ."

ಅವನು ಪುಸ್ತಕದಲ್ಲಿ ತನ್ನ ಹೋದ ವರ್ಷದ ಅಳತೆಯ ಪಕ್ಕದಲ್ಲೇ ಬರೆಯತೊಡಗಿದ. ಕಾಲರು ಹದಿನೈದಿದ್ದದ್ದು ಹದಿಮೂರೂವರೆ. ಎದೆ ಮೂವತ್ತೇಳಿದ್ದದ್ದು ಮೂವತ್ತನಾಲ್ಕು. ಹೊಟ್ಟೆ ಮೂವತ್ತಮೂರಿದ್ದದ್ದು ಮೂವತ್ತೆಂಟು.

"ಟೇಪು ನೆಟ್ಟಗೆ ಹಿಡಿಯೇ."

ಅವಳು ಮತ್ತೆ ಹಿಡಿದಳು. ಮೂವತ್ತೆಂಟೇ.

ಪೆನ್ಸಿಲ್ಲು ನಿಂತಿತು. ಮೂವತ್ತು ವರ್ಷದ ಗಿರಾಕಿಗಳಲ್ಲಿ ಎರಡೇ ತಿಂಗಳಲ್ಲಿ ಕುತ್ತಿಗೆ ಇಳಿದು ಹೊಟ್ಟೆ ಏರಿದವರು ಒಬ್ಬರೂ ನೆನಪಾಗಲಿಲ್ಲ.

"ಇದು ಮೈ ಬಂದದ್ದಲ್ಲ ಕಣೇ. ಒಳಗೆ ಏನೋ ತುರುಕಿದ ಹಾಗಿದೆ."

"ಹಾಗಾದ್ರೆ ಚಪ್ಪಲಿ ಹಾಕ್ಕೊಳ್ಳಿ. ಎರಡು ಗಂಟೆಗೆ ಬಸ್ಸಿದೆ."

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಸ್ಕ್ಯಾನಿನ ಚಿತ್ರವನ್ನು ಬೆಳಕಿಗೆ ಹಿಡಿದಳು. "ಗ್ರಂಥಿಯಿಂದ ಸೋರಿದ ರಸ ಇದು. ಸುತ್ತ ಗೋಡೆ ಕಟ್ಕೊಂಡು ಚೀಲ ಆಗಿದೆ. ಎಷ್ಟೋ ಜನಕ್ಕೆ ತಾನಾಗೇ ಇಂಗುತ್ತೆ. ಇಷ್ಟು ದೊಡ್ಡದಾಗಿ ಜಠರಾನೇ ಅಮುಕೋದು ಅಪರೂಪ. ಅದಕ್ಕೇ ನಿಮಗೆ ಊಟ ಸೇರ್ತಿಲ್ಲ. ಒಡೆದ್ರೆ, ಕೀವಾದ್ರೆ ಜೀವಕ್ಕೇ ಅಪಾಯ."

ದರ್ಜಿ ಎರಡೂ ಕೈಯಲ್ಲಿ ಹೊಟ್ಟೆ ಮುಚ್ಚಿಕೊಂಡ. "ಹೊಟ್ಟೆ ಕೊಯ್ತೀರಾ?"

"ಇಲ್ಲಪ್ಪ. ಬಾಯಿಂದ ಕೊಳವೆ ಇಳಿಸಿ, ಜಠರದ ಹಿಂಗೋಡೆಗೂ ಚೀಲಕ್ಕೂ ಸೇರಿಸಿ ಒಂದೇ ತೂತು. ರಸ ಜಠರಕ್ಕೆ ಇಳಿದು ಕರುಳಿನ ದಾರಿ ಹಿಡಿಯುತ್ತೆ."

"ಅಂದ್ರೆ ಎರಡು ಪದರಕ್ಕೂ ಒಂದೇ ಕಾಜಾ." ಅವನಿಗೆ ಕೊಂಚ ಉಸಿರು ಬಂತು. "ಪದರ ಎರಡೂ ಅಂಟ್ಕೊಂಡಿವೆ ತಾನೆ? ಜಾರಿದ್ರೆ ತೂತಿಗೆ ತೂತು ಕೂಡಲ್ಲ."

"ಅಂಟಿವೆ, ನೋಡಿದೀನಿ."

"ಅಂಚು ಕಟ್ಟದಿದ್ರೆ ಬಿಚ್ಕೊಳ್ಳಲ್ವಾ?"

"ಬಟ್ಟೆ ಬಿಚ್ಕೊಳ್ಳುತ್ತೆ, ಮಾಂಸ ಮುಚ್ಕೊಳ್ಳುತ್ತೆ. ಅದಕ್ಕೇ ಸಣ್ಣ ನಳಿಕೆ ಇಡ್ತೀವಿ. ಎರಡೂ ತುದಿ ಸುರುಳಿ, ಜಾರಲ್ಲ." ಅವಳು ಕನ್ನಡಕದ ಮೇಲಿಂದ ನೋಡಿದಳು. "ನೀವೇನು ಕಾಜಾ ಹಾಕ್ತೀರಾ?"

"ಇವರು ಬರೀ ಪ್ರಶ್ನೆ ಹಾಕ್ತಾರೆ," ಅಂದಳು ಹೆಂಡತಿ. "ಕಾಜಾ ಹಾಕೋದು ನಾನು."

ಮರುದಿನ ಬೆಳಿಗ್ಗೆ ಕೆಲಸ ಮುಗಿಯಿತು. ಚಹಾದ ಬಣ್ಣದ ರಸ ಒಂದೂವರೆ ಲೀಟರಿಗೂ ಹೆಚ್ಚು ಇಳಿಯಿತಂತೆ. ಮೂರನೆಯ ದಿನ ಗಂಜಿಯ ಬಟ್ಟಲನ್ನು ಅವನು ಕೆರೆದು ಕೆರೆದು ತಿನ್ನುತ್ತಿರುವಾಗ ಡಾಕ್ಟರಮ್ಮ ಬಂದಳು.

"ನಳಿಕೆ ತೆಗೆಯೋದಕ್ಕೆ ಮುಂದೆ ಒಂದ್ಸಲ ಬರ್ಬೇಕು. ಪಿತ್ತಕೋಶಾನೂ ತೆಗೆಸ್ಬೇಕು, ಇಲ್ಲಾಂದ್ರೆ ಕಲ್ಲು ಮತ್ತೆ ಜಾರುತ್ತೆ. ಸದ್ಯಕ್ಕೆ ಮುಂದಿನ ತಿಂಗಳ ಮೊದಲ ಗುರುವಾರ ಬಂದು ತೋರಿಸಿ."

ಹೆಂಡತಿ ಗಂಡನ ಮುಖವನ್ನೇ ನೋಡುತ್ತಿದ್ದಳು. ಅವನು ಚಮಚ ಕೆಳಗಿಟ್ಟು ಗಂಭೀರವಾಗಿ ಕೇಳಿದ:

"ನಿಜವಾದ ಗುರುವಾರಾನಾ, ಇಲ್ಲಾ ನಾವು ಗಿರಾಕಿಗಳಿಗೆ ಹೇಳೋ ಗುರುವಾರಾನಾ?"

"ನಿಜವಾದದ್ದೇ."

"ಹಾಗಾದ್ರೆ ಬುಧವಾರಾನೇ ಹೊರಟ್ಬಿಡೋಣ ಕಣೇ," ಅಂದು ಅವನು ಬಟ್ಟಲನ್ನು ಹೆಂಡತಿಯ ಮುಂದೆ ಹಿಡಿದ. "ಇನ್ನೊಂದು ಸೌಟು ಹಾಕು."