ನಾಹಿಯಾರಾಳ ನಾಲ್ಕು ಪದ

ಸಾಲ್ತೊ ಊರಿನ ನದಿದಂಡೆಯ ಶಾಲೆಯಲ್ಲಿ ಐದನೇ ತರಗತಿಯ ನಾಹಿಯಾರಾ ಲ್ಯಾಪ್‌ಟಾಪ್ ತೆರೆದಳೆಂದರೆ ಹಿಂದಿನ ಬೆಂಚಿನವರಿಗೆ ನಗಲು ನೆಪ ಸಿಕ್ಕಂತೆ. ಅವಳಿಗೆ ಪಾಸ್‌ವರ್ಡ್ ನೆನಪಿರುತ್ತಿರಲಿಲ್ಲ. ಅಕ್ಷರಗಳು ತಲೆಯೊಳಗೆ ಅದಲುಬದಲಾಗುತ್ತಿದ್ದವು, ಅಂಕಿಗಳಂತೂ ಕೇಳುವುದೇ ಬೇಡ. ಬೇಸತ್ತು ಒಮ್ಮೆ ತನ್ನ ನಾಯಿಯ ಹೆಸರನ್ನೇ ಇಟ್ಟಳು. ದಿನಾ ಗೇಟಿನವರೆಗೂ ಹಿಂದೆಯೇ ಬರುತ್ತಿದ್ದ ನಾಯಿ. ಅದರ ಹೆಸರು ಗೊತ್ತಿಲ್ಲದವರೇ ಇರಲಿಲ್ಲ. ಮರುದಿನವೇ ಸಹಪಾಠಿ ಎಲ್ವಿಯೊ ಅವಳ ಲ್ಯಾಪ್‌ಟಾಪಿನ ಒಳಹೊಕ್ಕು, ನದಿ ಉಕ್ಕಿ ಬಂದ ದಿನದ ಬಗ್ಗೆ ಅವಳು ಬರೆದಿದ್ದ ಕಥೆಯನ್ನೆಲ್ಲ ಅಳಿಸಿ, ಪುಟದ ತುಂಬ 'ಬೌ ಬೌ' ಎಂದು ಒತ್ತಿಟ್ಟಿದ್ದ.

ಸುಲ್ಮಾ ಟೀಚರ್ ಅವನಿಗೆ ಸರಿಯಾಗಿಯೇ ಬೈದರು. ಆಮೇಲೆ ಬಿಡುವಿನಲ್ಲಿ ಹುಡುಗಿಯನ್ನು ಪಕ್ಕಕ್ಕೆ ಕೂರಿಸಿಕೊಂಡರು.

"ನಂಗೆ ಯಾವ್ದೂ ತಲೇಲಿ ನಿಲ್ಲಲ್ಲ ಟೀಚರ್. ಎಲ್ಲೋ ತೂತಿದೆ."

"ತೂತಿದ್ರೆ ಆ ಕಥೆ ಹೆಂಗೆ ಬರ್ದೆ? ನೀರು ಯಾರ ಮನೆಗೆ ಮೊದ್ಲು ನುಗ್ತು, ಯಾರ ಕೋಳಿ ತೇಲ್ಕೊಂಡ್ ಹೋಯ್ತು, ಎಲ್ಲಾ ಇತ್ತಲ್ಲ."

"ಅದು ಬೇರೆ. ಅಲ್ಲಿ ನಾನೇ ಇದ್ದೆ."

ಟೀಚರ್ ಅವಳತ್ತ ಬಾಗಿದರು. "ಹಂಗಾದ್ರೆ ನೀನಿದ್ದ ಜಾಗಾನೇ ಇಟ್ಕೋ. ಮನೆಯಿಂದ ಬರೋ ದಾರೀಲಿ ನಿಂಗೆ ಮಾತ್ರ ಗೊತ್ತಿರೋ ನಾಲ್ಕು ಸಂಗತಿ ಹೆಕ್ಕು. ಒಂದೊಂದಕ್ಕೂ ಒಂದೊಂದು ಪದ. ನಾಲ್ಕೂ ಸೇರಿದ್ರೆ ನಿನ್ ಪಾಸ್‌ವರ್ಡ್. ನಂಗೂ ಹೇಳ್ಬೇಡ."

ಅಂದು ಸಂಜೆ ನಾಹಿಯಾರಾ ನಿಧಾನವಾಗಿ ಮನೆಗೆ ನಡೆದಳು. ಒಂದು ಗೋಡೆಯ ಮುಂದೆ ತನ್ನಷ್ಟಕ್ಕೆ ನಕ್ಕಳು. ಕಿತ್ತಳೆ ಅಂಗಡಿಯ ತಿರುವಿನಲ್ಲಿ ಮೊಣಕಾಲಿನ ಹಳೇ ಗಾಯದ ಗುರುತು ಸವರಿಕೊಂಡಳು. ಮನೆ ಸೇರುವಷ್ಟರಲ್ಲಿ ನಾಲ್ಕೂ ಪದ ಸಿಕ್ಕಿದ್ದವು.

ಎಲ್ವಿಯೊ ಸುಮ್ಮನಿರುವವನಲ್ಲ. ಅವಳ ಹುಟ್ಟಿದ ದಿನ, ಅಜ್ಜಿಯ ಹೆಸರು, ಅವಳ ಮೆಚ್ಚಿನ ಫುಟ್‌ಬಾಲ್ ತಂಡ, ಎಲ್ಲ ಒತ್ತಿ ನೋಡಿದ. ಯಾವುದೂ ನಡೆಯಲಿಲ್ಲ.

ಆ ಸೀಮೆಯಲ್ಲಿ ಚಳಿಗಾಲ ಬರುವುದು ಜುಲೈನಲ್ಲಿ. ಆ ರಜೆ ಮುಗಿಸಿ ಬಂದ ದಿನ ಇಡೀ ತರಗತಿ ಪಾಸ್‌ವರ್ಡ್ ಮರೆತಿತ್ತು. ಟೀಚರ್ ಮೇಜಿನ ಮುಂದೆ ಬಿಳಿ ನಿಲುವಂಗಿಯ ಸಮವಸ್ತ್ರ ತೊಟ್ಟ ಮಕ್ಕಳ ಉದ್ದ ಸಾಲು. ಅದರ ಕೊನೆಗೆ ಎಲ್ವಿಯೊ.

ನಾಹಿಯಾರಾ ತನ್ನ ಜಾಗದಲ್ಲೇ ಕೂತು ಕಣ್ಣು ಮುಚ್ಚಿದಳು. ಮನಸ್ಸಿನಲ್ಲೇ ಮನೆ ಬಾಗಿಲು ದಾಟಿ, ಬೀದಿ ಹಿಡಿದು ಶಾಲೆಯತ್ತ ನಡೆದಳು. ಬೆರಳು ಎಲ್ಲೂ ತಡವರಿಸಲಿಲ್ಲ. ಪರದೆ ತೆರೆದುಕೊಂಡಾಗ ಮುಖ ಅರಳಿಹೋಯಿತು.

"ಟೀಚರ್, ಅವಳದ್ದು ತೆರೀತು," ಎಂದ ಎಲ್ವಿಯೊ, ನಂಬಲಾಗದವನಂತೆ. ಆಮೇಲೆ ದನಿ ತಗ್ಗಿಸಿ, "ಏನೇ ಇಟ್ಟಿದೀಯ? ಹೇಳೇ."

"ಅದು ನನ್ ದಾರಿ ಕಣೋ. ನಿಂದು ನೀನೇ ನಡ್ಕೊಂಡ್ ಬಾ."

ಈ ಸಲ ತರಗತಿ ನಕ್ಕಿದ್ದು ಅವನನ್ನು ನೋಡಿ. ಟೀಚರ್ ಸೀಮೆಸುಣ್ಣವನ್ನು ಅವಳ ಕೈಗಿತ್ತರು. ಪಾಸ್‌ವರ್ಡ್ ಕಟ್ಟುವುದು ಹೇಗೆಂದು ನಾಹಿಯಾರಾ ಬೋರ್ಡಿನ ಮೇಲೆ ಯಾವುದೋ ಒಂದು ದಾರಿ ಗೀಚಿ ತೋರಿಸಿದಳು. ಹಿಂದಿನ ಬೆಂಚು ಕತ್ತು ಚಾಚಿ ಕೇಳಿತು.

ಮಧ್ಯಾಹ್ನ ಆರನೇ ತರಗತಿಯ ಎತ್ತರದ ಹುಡುಗಿಯೊಬ್ಬಳು ಬಾಗಿಲಲ್ಲಿ ಇಣುಕಿದಳು.

"ಪಾಸ್‌ವರ್ಡ್ ಹೇಳ್ಕೊಡೋಳು ಯಾರು ಇಲ್ಲಿ? ನಮ್ ಕ್ಲಾಸಿಗೆ ಕಳಿಸ್ಬೇಕಂತೆ, ನಮ್ ಟೀಚರ್ ಹೇಳಿದ್ರು."

ನಾಹಿಯಾರಾ ಎದ್ದು, ಸಮವಸ್ತ್ರದ ಕೊರಳಿನ ನೀಲಿ ಪಟ್ಟಿ ಸರಿಮಾಡಿಕೊಂಡು, ತಲೆಯೆತ್ತಿ ಹೊರಟಳು.