ರಾಗಿಹಿಟ್ಟು ಮೆತ್ತಿದ ಗಡಿಗೆ

ಗಡಿಗೆಗೂ ಮುಚ್ಚಳಕ್ಕೂ ನಡುವೆ ಒಂದು ಕೂದಲು ತೂರುವಷ್ಟೂ ಸಂದು ಉಳಿಯಬಾರದು. ಗಂಗಾಲಕ್ಷ್ಮಿ ರಾಗಿಹಿಟ್ಟನ್ನು ಗಟ್ಟಿಯಾಗಿ ಕಲಸಿ, ಸುತ್ತಲೂ ಮೆತ್ತಿ, ಹೆಬ್ಬೆರಳಿನಿಂದ ಒತ್ತಿ ಒತ್ತಿ ನೋಡಿದಳು. ಒಳಗೆ ಕುರಿಮರಿಯ ಇಡೀ ಭುಜ, ಮೂಳೆ ಮುರಿಯದ್ದು, ಮೆಣಸು ಶುಂಠಿ ಬೆಳ್ಳುಳ್ಳಿ ಬಳಿದುಕೊಂಡು ಸಣ್ಣ ಈರುಳ್ಳಿಯ ಮೇಲೆ ಮಲಗಿತ್ತು. ಒಂದು ಹನಿ ನೀರು ಹಾಕಿರಲಿಲ್ಲ. ಈರುಳ್ಳಿ ಬಿಡುವ ನೀರು, ಮಾಂಸ ಬಿಡುವ ಕೊಬ್ಬು ಸೇರಿ ತಳದಲ್ಲಿ ತಾನಾಗಿಯೇ ಗೊಜ್ಜಾಗಬೇಕು. ಕೆಳಗೆ ಒಂದಿಷ್ಟು ಕೆಂಡ, ಮುಚ್ಚಳದ ಮೇಲೆ ಒಂದಿಷ್ಟು ಕೆಂಡ. ಅವಸರಪಟ್ಟರೆ ಕೆಟ್ಟಿತು, ಮೆಲ್ಲಗೆ ಬೇಯಬೇಕು.

ಅಲ್ಲ, ಮನೆಯಲ್ಲಿ ಗ್ಯಾಸು ಒಲೆ ಇಟ್ಟುಕೊಂಡು ಹಿಪ್ಪುನೇರಳೆ ತೋಟದ ತುದಿಯ ಪಂಪ್‌ಹೌಸಿನಲ್ಲಿ ಕಳ್ಳಿಯ ಹಾಗೆ ಕೂತು ಬೇಯಿಸುವುದೇಕೆ ಅಂತೀರಾ? ರೇಷ್ಮೆ ಸಾಕದವರು ಹಾಗೇ ಕೇಳುತ್ತಾರೆ. ಮನೆಯಲ್ಲಿ ಹುಳು ಇದ್ದಾಗ ಸಾರಿಗೆ ಒಗ್ಗರಣೆ ಹಾಕುವುದಕ್ಕೂ ಅವಳ ಅತ್ತೆ ಅಕ್ಕಯಮ್ಮನ ಅಪ್ಪಣೆ ಬೇಕು. ಹೊಗೆ, ಬೀಡಿ, ಸೆಂಟು ಯಾವುದರ ವಾಸನೆಯೂ ಹುಳುವಿಗೆ ಆಗದು. ಮಾಂಸದ ಮಾತಂತೂ ಎತ್ತುವ ಹಾಗೇ ಇಲ್ಲ. ಪಕ್ಕದ ಮನೆಯವರು ಮೀನು ಹುರಿದರೆಂದು ಅಕ್ಕಯಮ್ಮ ಪೊರಕೆ ಹಿಡಿದುಕೊಂಡು ಹೋಗಿದ್ದನ್ನು ಬೈರಕೂರಿನ ಸುತ್ತಮುತ್ತ ಇವತ್ತಿಗೂ ಹೇಳಿಕೊಂಡು ನಗುತ್ತಾರೆ.

ಆದರೆ ಇವತ್ತು ಅಣ್ಣ ಬರುತ್ತಾನೆ. ರಾಯಲ್ಪಾಡಿನ ಕದಿರೇಶ. ಅವನು ಗೊತ್ತುಮಾಡಿದ ಗಂಡನ್ನು ಬೇಡವೆಂದು ಗಂಗಾಲಕ್ಷ್ಮಿ ತಾನು ಮೆಚ್ಚಿದ ವೆಂಕಟನನ್ನು ಕಟ್ಟಿಕೊಂಡ ದಿನ, "ಸಾಯೋವರ್ಗೂ ನಿನ್ನ ಮನೇಲಿ ಎಲೆ ಮುಂದೆ ಕೂರಲ್ಲ" ಎಂದು ಬೆನ್ನು ತಿರುಗಿಸಿದವನು. ಅವತ್ತು ಗೌನು ತೊಟ್ಟು ಓಡಾಡುತ್ತಿದ್ದ ಅವನ ಮಗಳು ದಿವ್ಯಳಿಗೆ ಈಗ ಮದುವೆ. ಸೋದರತ್ತೆ ಇಲ್ಲದೆ ಮೊದಲ ಅರಿಶಿನ ಹಚ್ಚುವವರು ಯಾರು? ಫೋನ್ ಮಾಡಿ, "ಕುಂಕುಮ ಕೊಟ್ಟು ಹೋಗ್ತೀನಿ" ಎಂದ. ಇವಳಿಗೂ ರೋಷ ಬಂತು. "ಉಂಡ್ರೆ ಕುಂಕುಮ ತಗೋತೀನಿ. ಬಾಗಿಲಲ್ಲೇ ನಿಂತು ಹೋಗೋದಾದ್ರೆ ಬರ್ಲೇಬೇಡ" ಎಂದು ಫೋನಿಟ್ಟು ಆಮೇಲೆ ಗೋಳೋ ಎಂದು ಅತ್ತಳು.

ಅವಳ ತವರಿನಲ್ಲಿ ಒಂದು ಪದ್ಧತಿ. ಅಣ್ಣ ಮೊದಲ ಸಲ ತಂಗಿಯ ಮನೆಯಲ್ಲಿ ಉಣ್ಣುವಾಗ ಎಲೆಗೆ ಇಡೀ ಭುಜ ಬೀಳಬೇಕು. ಬೇರೆ ಏನು ಬಡಿಸಿದರೂ ಅದು ಉಪಚಾರ, ಊಟವಲ್ಲ. ಹುಳು ಹಣ್ಣಾಗಿ ಗೂಡು ಕಟ್ಟುವುದು ನಾಡಿದ್ದು, ಅಷ್ಟರಲ್ಲಿ ಅಣ್ಣ ಉಂಡು ಹೋಗಿರುತ್ತಾನೆ ಎಂದು ಅವಳ ಲೆಕ್ಕ. ಗಂಡ ವೆಂಕಟ ಮುಳಬಾಗಿಲಿನಿಂದ ಭುಜವನ್ನು ಗೊಬ್ಬರದ ಚೀಲದಲ್ಲಿ ಸುತ್ತಿ ತಂದುಕೊಟ್ಟು, "ನಂಗೇನೂ ಗೊತ್ತಿಲ್ಲ ಕಣೇ" ಎಂದವನೇ, ಹುಳು ಗೂಡು ಕಟ್ಟಲು ಇನ್ನೊಂದಿಷ್ಟು ಬಿದಿರಿನ ಚಂದ್ರಿಕೆ ತರುವ ನೆಪದಲ್ಲಿ ಶ್ರೀನಿವಾಸಪುರಕ್ಕೆ ಗಾಡಿ ಹತ್ತಿದ. ಗಂಡಸರ ಧೈರ್ಯ ಇಷ್ಟೇ ನೋಡಿ.

ಗಂಗಾಲಕ್ಷ್ಮಿ ಪಂಪಿನ ನೀರಿನಲ್ಲಿ ತಲೆಯಿಂದ ಮಿಂದು, ಕೈಗೆ ನಿಂಬೆಹಣ್ಣು ಉಜ್ಜಿ, ಬೇರೆ ಸೀರೆ ಉಟ್ಟು ಸೊಪ್ಪು ಹೊತ್ತುಕೊಂಡು ಹುಳುಮನೆಗೆ ಬಂದಳು. ಬಾಗಿಲಲ್ಲೇ ಕಾಲು ನಿಂತವು. ಒಳಗೆ ಸದ್ದೇ ಇಲ್ಲ. ಹುಳು ಸೊಪ್ಪು ಮೇಯುವ ಸರಸರ ಸದ್ದು ದಿನವೂ ಅಂಗಳದವರೆಗೆ ಕೇಳುತ್ತಿತ್ತು.

"ಬೆಳಗ್ಗೆ ಹಾಕಿದ ಸೊಪ್ಪು ಹಂಗೇ ಅದೆ. ಒಂದೂ ಬಾಯಿ ಹಾಕ್ತಿಲ್ಲ" ಎಂದಳು ಅಕ್ಕಯಮ್ಮ, ಹುಳುವಿನ ತಟ್ಟೆಯ ಮೇಲೆ ಬಗ್ಗಿಕೊಂಡೇ.

ಗಂಗಾಲಕ್ಷ್ಮಿ ಸೊಪ್ಪಿನ ಹೊರೆ ಇಳಿಸಿದಳು. ಅಷ್ಟರಲ್ಲಿ ಗಾಳಿ ತಿರುಗಿತು. ಕಿಟಕಿಯ ಪರದೆ ಒಳಗೆ ಉಬ್ಬಿತು. ಅಕ್ಕಯಮ್ಮ ಮೂಗರಳಿಸಿ, "ಏನೇ ಇದು ವಾಸನೆ?" ಎಂದಳು.

ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಮಿಸುಕದೆ ಬಿದ್ದಿರುವ ಹುಳುಗಳನ್ನು ನೋಡಿಕೊಂಡು ಅದನ್ನು ಆಡಲು ಬಾಯಿ ಬರಲಿಲ್ಲ. "ಅತ್ತೆ, ತಪ್ಪಾಯ್ತು. ಅಣ್ಣಂಗೆ ಅಂತ ಪಂಪ್‌ಹೌಸಲ್ಲಿ ಭುಜ ಇಟ್ಟಿದೀನಿ. ನನ್ನಿಂದ್ಲೇ ಹುಳು ಕೆಟ್ವು" ಎಂದು ಅಲ್ಲೇ ಕುಸಿದಳು.

ಅಕ್ಕಯಮ್ಮ ಬೈಯಲಿಲ್ಲ. ಅದೇ ಹೆಚ್ಚು ಭಯ. ಒಂದು ಹುಳುವನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು. ಮಾಗಿದ ದ್ರಾಕ್ಷಿಯ ಹಾಗೆ ಅದರ ಮೈಯಲ್ಲಿ ಬೆಳಕು ಹಾಯುತ್ತಿತ್ತು. "ಅಯ್ಯೋ ಇವಳ! ಹಣ್ಣಾಗವೆ ಕಣೇ, ಅದಕ್ಕೇ ಸೊಪ್ಪು ಬಿಟ್ಟವೆ! ಈ ಸುಡುಬಿಸಿಲಿಗೆ ಎರಡು ದಿನ ಮುಂಚೇನೇ ಬಂದವೆ. ಏಳು, ಚಂದ್ರಿಕೆಗೆ ಆಯ್ದು ಹಾಕು. ಈಗ ವಾಸನೆ ಹೊಡೀತೋ, ಒಂದೂ ಗೂಡು ಕಟ್ಟಲ್ಲ. ಆ ಗಡಿಗೇನ ನಾನು ನೋಡ್ಕೋತೀನಿ." ಅಡುಗೆಮನೆಯಲ್ಲಿ ಡಬ್ಬದ ಸದ್ದಾಯಿತು. ಆಮೇಲೆ ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಸಲಿಕೆ ಹಿಡಿದು ತೋಟದ ಕಡೆ ದಡದಡ ನಡೆದದ್ದು ಕಾಣಿಸಿತು.

ಹೂತುಬಿಡುತ್ತಾಳೆ. ಗಂಗಾಲಕ್ಷ್ಮಿಗೆ ಅನುಮಾನವೇ ಉಳಿಯಲಿಲ್ಲ. ತಡೆಯಲು ಹೋದರೆ ಹುಳು ಕೈತಪ್ಪುತ್ತವೆ, ಹೋಗದಿದ್ದರೆ ಅಣ್ಣ. ಹಣ್ಣು ಹುಳುಗಳು ಆಗಲೇ ತಲೆಯೆತ್ತಿ ತಟ್ಟೆಯ ಅಂಚಿಗೆ ಹರಿಯತೊಡಗಿದ್ದವು. ಅಳುತ್ತಲೇ ಆಯತೊಡಗಿದಳು.

ಅಂಗಳದಲ್ಲಿ ಬೈಕು ನಿಂತಿತು. "ಏಮ್ಮಾ ಗಂಗಾ, ಇದ್ದೀಯಾ?"

ಎಷ್ಟು ವರ್ಷವಾಗಿತ್ತು ಆ ದನಿ ಕೇಳಿ! "ಅಣ್ಣಾ, ಹುಳು ಹಣ್ಣಾಗವೆ. ಎದ್ದು ಬರೋಕಾಗಲ್ಲ" ಎಂದು ಒಳಗಿನಿಂದಲೇ ಕೂಗಿದಳು. ಕದಿರೇಶ ಕುಂಕುಮದ ಭರಣಿ ಹಿಡಿದು ಬಾಗಿಲಿಗೆ ಬಂದ. ತಂಗಿಯನ್ನು ನೋಡಿದ, ಹೊಸ್ತಿಲ ಆಚೆಯೇ ನಿಂತ. ಅಂಚಿನಿಂದ ಒಂದು ಹುಳು ಟಪ್ಪೆಂದು ನೆಲಕ್ಕೆ ಬಿತ್ತು, ಅದರ ಹಿಂದೆಯೇ ಇನ್ನೊಂದು. ಅವನೂ ಹುಳು ಸಾಕುವ ಮನೆಯಲ್ಲೇ ಬೆಳೆದವನು, ನೋಡಿಕೊಂಡು ನಿಲ್ಲಲಾಗಲಿಲ್ಲ. ಭರಣಿಯನ್ನು ಜಗಲಿಯ ಗೋಡೆಗೂಡಿನಲ್ಲಿಟ್ಟು, "ಕೈ ಎಲ್ಲಿ ತೊಳೀಲಿ?" ಎಂದ.

ಇಬ್ಬರೂ ಎದುರುಬದುರು ಕೂತು ಆಯ್ದರು. ತೋಟದ ಕಡೆಯಿಂದ ಸಲಿಕೆ ಕಲ್ಲಿಗೆ ತಾಗಿದ ಠಣ್ ಸದ್ದು ಬಂದಾಗ ಗಂಗಾಲಕ್ಷ್ಮಿ ಒಮ್ಮೆ ಅತ್ತ ತಿರುಗಿ, ಮತ್ತೆ ತಟ್ಟೆಗೆ ಬಗ್ಗಿದಳು. ಸ್ವಲ್ಪ ಹೊತ್ತಿಗೆ ಅಕ್ಕಯಮ್ಮ ಮಿಂದು ಒದ್ದೆ ತಲೆಯಲ್ಲೇ ಬಂದಳು. ಸೊಸೆಯ ಮುಖ ನೋಡದೆ, "ಬಾರಪ್ಪ" ಎಂದಷ್ಟೇ ಹೇಳಿ ಪಕ್ಕದ ತಟ್ಟೆಗೆ ಕೂತಳು. ವೆಂಕಟ ಚಂದ್ರಿಕೆ ತಂದವನು ಭಾವನನ್ನು ಕಂಡು ಬೆವೆತು, ನೇರ ಕೆಲಸಕ್ಕೆ ಸೇರಿಕೊಂಡ. ಕೊನೆಯ ಹುಳು ಚಂದ್ರಿಕೆ ಹತ್ತುವ ಹೊತ್ತಿಗೆ ಬಿಸಿಲು ಇಳಿದಿತ್ತು.

ಕದಿರೇಶ ಎದ್ದು ಭರಣಿ ಕೈಗೆತ್ತಿಕೊಂಡ. "ಹೊರಡ್ತೀನಿ. ತಗೋ ಕುಂಕುಮ."

ಗಂಗಾಲಕ್ಷ್ಮಿ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. "ಬೇಡ. ಉಣ್ಣದೆ ಕೊಡ್ಬೇಡ ಅಂದಿದ್ದೆ. ಈಗ ಉಣ್ಣು ಅನ್ನೋಕೆ ನನ್ನ ಹತ್ರ ಏನೂ ಉಳಿದಿಲ್ಲ. ಹೋಗಣ್ಣ."

"ಏನೇ ಉಳಿದಿಲ್ಲ?" ಅಕ್ಕಯಮ್ಮನ ಗಂಟಲು ಏರಿತು. "ಮನೆಗೆ ಬಂದು ದುಡಿದೋನ್ನ ಹಸ್ಕೊಂಡು ಕಳಿಸ್ತೀಯಾ? ಹೋಗು, ಮುದ್ದೆ ಮಾಡ್ಕೊಂಡು ಬಾ. ಎಲೆ ಇಲ್ಲಿ ಹಾಕ್ಬೇಡ, ಪಂಪ್‌ಹೌಸ್ ಹತ್ರ ಹಾಕು."

ಗಡಿಗೆ ಇಟ್ಟ ಜಾಗದಲ್ಲೇ ಇತ್ತು. ಬಿರುಕುಬಿಟ್ಟ ಕಡೆಯೆಲ್ಲ ಹೊಸ ರಾಗಿಹಿಟ್ಟು, ಅದರ ಮೇಲೆ ಅಕ್ಕಯಮ್ಮನ ದಪ್ಪ ಬೆರಳಿನ ಗುರುತು. ಅರ್ಧ ಕೆಂಡವನ್ನು ಸಲಿಕೆಯಲ್ಲಿ ಎಳೆದು ದೂರಕ್ಕೆ ಹಾಕಿ ಆರಿಸಲಾಗಿತ್ತು. "ಬೆಂಕಿ ಜಾಸ್ತಿ ಹಾಕಿದ್ದೆ, ಪೆದ್ದಿ. ತಳ ಹಿಡಿಯೋದ್ರಲ್ಲಿತ್ತು" ಎಂದು ಅತ್ತೆ ದೂರದಲ್ಲೇ ನಿಂತು ಗದರಿದಳು.

ಹಿಟ್ಟು ಒಡೆದು ಮುಚ್ಚಳ ತೆಗೆದಾಗ ಮೆಣಸಿನ ಹಬೆ ಮುಖಕ್ಕೆ ಬಡಿಯಿತು. ಗಂಗಾಲಕ್ಷ್ಮಿ ಇಡೀ ಭುಜವನ್ನು ಅಣ್ಣನ ಎಲೆಗೆ ಜಾರಿಸಿ, ಕಪ್ಪಗೆ ಹೊಳೆಯುವ ಗೊಜ್ಜನ್ನು ಮೇಲೆ ಸುರಿದಳು. ಕದಿರೇಶ ನಿಂತೇ ಇದ್ದ. ಎಲೆಯನ್ನು ನೋಡಿದ, ತಂಗಿಯನ್ನು ನೋಡಿದ. ಆಮೇಲೆ ಮೆಲ್ಲಗೆ ಚಕ್ಕಳಮಕ್ಕಳ ಹಾಕಿ ಕೂತ. ಮೂಳೆಗೆ ಕೈ ಹಾಕಿದ್ದೇ ತಡ, ಅದು ಸಲೀಸಾಗಿ ಕಳಚಿ ಬಂತು. ಮುದ್ದೆ ಮುರಿದು ಗೊಜ್ಜಿನಲ್ಲಿ ಹೊರಳಿಸಿ ನುಂಗಿದ. ಮತ್ತೊಂದು ತುತ್ತು ನುಂಗಿದ. ಅವನ ಕಣ್ಣು ತುಂಬಿದ್ದಕ್ಕೆ ಮೆಣಸು ಕಾರಣವಲ್ಲ ಎಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು.

"ಅಮ್ಮಾ, ನೀವೂ ಬನ್ನಿ" ಎಂದು ಅಕ್ಕಯಮ್ಮನನ್ನು ಕರೆದ.

"ನಾನೂ ಉಂಡ್ರೆ ಹುಳು ಹತ್ರ ಹೋಗೋರು ಯಾರಪ್ಪ? ಗೂಡು ಗಟ್ಟಿಯಾಗೋವರ್ಗೂ ಈ ಗಂಡ ಹೆಂಡ್ತಿ ಇಬ್ಬರನ್ನೂ ನಾನು ಒಳಗೆ ಬಿಡಲ್ಲ." ಮುದುಕಿ ಹುಳುಮನೆಯ ಕಡೆ ತಿರುಗಿದವಳು, ಗಡಿಗೆಯನ್ನು ಒಮ್ಮೆ ಆಸೆಯಿಂದ ನೋಡಿದಳು. "ನಿನ್ನ ಮಗಳ ಬೀಗರೂಟಕ್ಕೆ ಬರ್ತೀನಿ. ನನ್ನ ಪಾಲಿನ ಭುಜ ಅಲ್ಲಿ ಎತ್ತಿಡು. ಸೊಸೇನೇ ಬೇಯಿಸ್ಲಿ, ಕೆಂಡ ನಾನು ನೋಡ್ಕೋತೀನಿ."

ಗಂಗಾಲಕ್ಷ್ಮಿ ಸೆರಗಿನಲ್ಲಿ ಮುಖ ಒರೆಸಿಕೊಂಡು, ಅಣ್ಣನ ಮುಂದೆ ಕೂತು ಹಣೆಯೊಡ್ಡಿದಳು. "ಈಗ ಇಡು" ಎಂದಳು. ಕದಿರೇಶ ಗೊಜ್ಜಾಗಿದ್ದ ಬಲಗೈಯನ್ನು ತೊಳೆದುಕೊಂಡು ಭರಣಿಯ ಮುಚ್ಚಳ ತೆಗೆದ.