ಹಾರ್ಡ್‌ವೇರ್ ಓಣಿಯ ಹಿಂದಿನ ಹೊಳೆ

ಶಿವಪುತ್ರಪ್ಪ ಕಾಲಿಗೆ ಚಕ್ರ ಕಟ್ಟಿಕೊಂಡೇ ಆಯುಷ್ಯ ಕಳೆದವನು. ಚಿಂಚವಾಡದ ಕಾರ್ಖಾನೆಯೊಂದರ ನಟ್ಟು-ಬೋಲ್ಟುಗಳನ್ನು ಚೀಲದಲ್ಲಿ ತುಂಬಿಕೊಂಡು ಸಾತಾರಾ, ಕರಾಡ, ವಾಯಿ ಎಂದು ಊರೂರು ಅಲೆದು ಆರ್ಡರು ತರುತ್ತಿದ್ದ. ಬಸ್ಸು ಹತ್ತಿದ ಕೂಡಲೇ ನಿದ್ದೆ, ಇಳಿಯುವ ಊರು ಬಂದ ಕೂಡಲೇ ಎಚ್ಚರ. ಅದು ಅವನು ಹೆಮ್ಮೆಪಡುತ್ತಿದ್ದ ವಿದ್ಯೆ. ನಿವೃತ್ತನಾದ ದಿನ ಚೀಲವನ್ನು ಅಟ್ಟಕ್ಕೆಸೆದು, ಇನ್ನು ಬಸ್ಸಿನ ಮುಖ ನೋಡುವುದಿಲ್ಲ ಎಂದು ಆಣೆ ಮಾಡಿಬಿಟ್ಟ.

ಆಣೆ ಅವನದು, ಹೆಂಡತಿ ನರ್ಮದಾಳದಲ್ಲ. ಆಕೆಗೆ ಪ್ರಯಾಣವೆಂದರೆ ಜಮಖಂಡಿ ಕಡೆಯ ತಮ್ಮೂರಿನ ಮದುವೆ, ಇಲ್ಲವೇ ಸತ್ತವರ ಮಣ್ಣು. ಗಂಡ ಹೋಗಿಬಂದ ಊರುಗಳ ಹೆಸರನ್ನು ಧನಕವಡಿಯ ತಮ್ಮ ಮನೆಯ ಅಡುಗೆಮನೆಯಲ್ಲಿ ಕೇಳುತ್ತ ಕೇಳುತ್ತಲೇ ತಲೆ ನರೆತಿತ್ತು. ಒಂದನ್ನಾದರೂ ಕಣ್ಣಾರೆ ಕಾಣಬೇಕು, ಅದೂ ಅವನ ಜೊತೆಗೇ ಕಾಣಬೇಕು ಎಂಬುದು ಆಕೆಯ ಆಸೆ.

"ವಾಯಿ ಹೆಂಗದ ರೀ?"

"ಹೆಂಗಿರ್ತದ? ದೊಡ್ಡ ದೊಡ್ಡ ಹಾರ್ಡ್‌ವೇರ್ ಅಂಗಡಿ ಅದಾವ."

"ಒಮ್ಮೆ ಕರಕೊಂಡ ಹೋಗ್ರಿ."

"ಅಲ್ಲಿ ನಮ್ಮವರು ಯಾರದಾರ? ನೆಂಟರಿಲ್ಲದ ಊರಿಗೆ ಯಾರರ ಹೋಗ್ತಾರೇನು?"

ಮರುದಿನ ಬೆಳಿಗ್ಗೆ ನರ್ಮದಾ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು, ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಳು.

"ಹೆಂಗಸರಿಗೆ ಈಗ ಅರ್ಧಾ ಟಿಕೀಟು. ನೀವು ಬಂದ್ರ ಬರ್ರಿ, ಇಲ್ಲಂದ್ರ ನಾ ಹೊಂಟೆ."

ಒಬ್ಬಳೇ ಹೋಗಿ ದಾರಿ ತಪ್ಪಿದರೆ ಎಂಬ ನೆಪ ಮುಂದಿಟ್ಟುಕೊಂಡು ಅವನೂ ಹೊರಟ. ಕಾತ್ರಜದಲ್ಲಿ ಬಸ್ಸು ಹತ್ತಿ, ಸುರಂಗ ದಾಟುವ ಮೊದಲೇ ಗೊರಕೆ ಹೊಡೆದ. ಕಿಟಕಿಯ ಪಕ್ಕ ಕುಳಿತ ನರ್ಮದಾ ಗುಡ್ಡ, ತಿರುವು, ಕಬ್ಬಿನ ಹೊಲ ಎಲ್ಲವನ್ನೂ ಇಬ್ಬರ ಪಾಲಿನದೂ ಸೇರಿಸಿ ನೋಡಿದಳು.

ವಾಯಿಯಲ್ಲಿ ಇಳಿದದ್ದೇ ತಡ, ಶಿವಪುತ್ರಪ್ಪನಿಗೆ ಹಳೆಯ ಠೇಂಕಾರ ಮರಳಿತು. ಈ ಅಂಗಡಿಯವನಿಗೆ ಮೂಗಿನ ತುದಿಯಲ್ಲೇ ಸಿಟ್ಟು, ಆ ಅಂಗಡಿಯವನು ಬರೀ ಚಹಾ ಕುಡಿಸಿ ಕಳಿಸುವವ, ಇದು ನಾನು ಮಲಗುತ್ತಿದ್ದ ಲಾಡ್ಜು ಎಂದು ಓಣಿಯುದ್ದಕ್ಕೂ ತೋರಿಸುತ್ತ ನಡೆದ. ನರ್ಮದಾಳ ಮುಖ ಸಪ್ಪಗಾಯಿತು. ಅಷ್ಟರಲ್ಲಿ ಎದುರಿನಿಂದ ಇಬ್ಬರು ಹೆಂಗಸರು ಒದ್ದೆ ಸೀರೆಗಳ ಬುಟ್ಟಿ ಹೊತ್ತು ಬಂದರು.

"ಇಲ್ಲೆ ಹೊಳಿ ಅದ ಏನ್ರಿ?" ನರ್ಮದಾ ಗಂಡನನ್ನು ಕೇಳಿದಳು.

"ಹೊಳಿ ಇದ್ದಿದ್ರ ನನಗ ಗೊತ್ತಿರತಿದ್ದಿಲ್ಲೇನು? ಈ ಊರು ನನ್ನ ಅಂಗೈ ಇದ್ದಂಗ."

ಆಕೆ ಆಗಲೇ ಓಣಿ ತಿರುಗಿದ್ದಳು. ಗೊಣಗುತ್ತ ಹಿಂದೆ ಹೋದವನು ಹಾಗೇ ನಿಂತುಬಿಟ್ಟ. ಕರಿಕಲ್ಲಿನ ಮೆಟ್ಟಿಲುಗಳು ನೀರಿನ ತನಕ ಇಳಿದಿದ್ದವು. ಗುಡಿಯ ಗಂಟೆ ಬಿಟ್ಟರೆ ಊರಿಗೆ ಊರೇ ಸುಮ್ಮನಿತ್ತು. ದೀಪದ ಬುಡದಲ್ಲೇ ಕತ್ತಲೆ ಅನ್ನುವುದು ಇಂಥವರನ್ನು ನೋಡಿಯೇ ಇರಬೇಕು.

ಮೆಟ್ಟಿಲ ಮೇಲೆ ತಂಬಿಗೆ ತಿಕ್ಕುತ್ತಿದ್ದ ಮುದುಕಿಯನ್ನು ಮರಾಠಿಯಲ್ಲಿ ಕೇಳಿದ: ಇದು ಯಾವ ಹೊಳೆ?

"ಕೃಷ್ಣಾಮಾಯಿ" ಎಂದಳು ಆಕೆ, ಇಷ್ಟೂ ತಿಳಿಯದವನೇ ಎಂಬಂತೆ ನೋಡುತ್ತ.

ತನ್ನೂರಲ್ಲಿ ಎಮ್ಮೆಯ ಬಾಲ ಹಿಡಿದು ಶಿವಪುತ್ರಪ್ಪ ಈಜು ಕಲಿತದ್ದು ಇದೇ ಕೃಷ್ಣೆಯಲ್ಲಿ. ಅಲ್ಲಿ ಕಣ್ಣು ಹಾಯುವಷ್ಟು ಅಗಲಕ್ಕೆ ಹರಿಯುವವಳು ಇಲ್ಲಿ ಲಂಗ ತೊಟ್ಟ ಹುಡುಗಿಯಂತೆ ಸಣ್ಣಗೆ ಹೋಗುತ್ತಿದ್ದಳು. ಇಷ್ಟು ವರ್ಷ ಅವನ ಅಂಗಡಿಗಳ ಬೆನ್ನಿಗೇ ಇದ್ದಳು. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಖುಷಿಯಾಯಿತು. ಪ್ಯಾಂಟು ಮಡಚಿ ಮೊಣಕಾಲ ತನಕ ನೀರಿಗಿಳಿದೇಬಿಟ್ಟ.

"ನಮ್ಮವರು ಯಾರೂ ಇಲ್ಲಂದ್ರಿ" ಎನ್ನುತ್ತ ನರ್ಮದಾ ರೊಟ್ಟಿಯ ಗಂಟು ಬಿಚ್ಚಿದಳು.

ಅವನು ಮೊದಲ ಚೂರನ್ನು ಹೊಳೆಗೆ ಬಿಟ್ಟು, ಮುದುಕಿಯ ಕಡೆ ತಿರುಗಿ, ಈಕೆ ಹುಟ್ಟುವುದೆಲ್ಲಿ ಎಂದು ಕೇಳಿದ. ಮುದುಕಿ ತಂಬಿಗೆಯಿಂದಲೇ ಪಡುವಣದ ಗುಡ್ಡ ತೋರಿಸಿದಳು. ಮಹಾಬಳೇಶ್ವರದಲ್ಲಿ, ಇಲ್ಲಿಂದಲೇ ಬಸ್ಸಿದೆ ಎಂದಳು.

"ಲಗೂನ ಉಣ್ಣು. ಇಕಿ ತವರುಮನಿ ನೋಡಿ ಬರೂಣು."

"ಮನಿಗೆ ಹೋಗೂದಿಲ್ಲೇನ್ರಿ?"

"ಮನಿ ಎಲ್ಲಿ ಓಡಿ ಹೋಗ್ತದ?"

ಬಸ್ಸು ಬಂದಾಗ ಆಕೆಗಿಂತ ಮೊದಲೇ ಹತ್ತಿ ಕಿಟಕಿಯ ಸೀಟು ಹಿಡಿದ. ಘಾಟು ಏರುತ್ತಿದ್ದಂತೆ ಇಡೀ ಕಣಿವೆ ಕೆಳಗೆ ಬಿಚ್ಚಿಕೊಂಡಿತು, ನಡುವೆ ಹೊಳೆ ಹೊಳೆಯುತ್ತಿತ್ತು. "ನರ್ಮದಾ, ಅಲ್ನೋಡು" ಎಂದ. ತಿರುಗಿದರೆ, ಬೆಳಿಗ್ಗೆಯಿಂದ ನೋಡಿ ನೋಡಿ ದಣಿದ ಆಕೆ ಅವನ ಹೆಗಲ ಮೇಲೆ ತಲೆಯಿಟ್ಟು ಮಲಗಿದ್ದಳು.

ಶಿವಪುತ್ರಪ್ಪ ಆಕೆಯ ಭುಜ ಹಿಡಿದು ಅಲುಗಿಸಿದ.

"ಏಳು, ಏಳು. ಬಸ್ಸಿನ್ಯಾಗ ಯಾರರ ಮಲಗ್ತಾರೇನು?"